ಓದುಗರ ಪ್ರಶ್ನೆ: ಕಡಲು ಜಾಗ ಬಿಟ್ಟರಷ್ಟೇ ರಸ್ತೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾಗದ್ದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಮರಳಿನ ದ್ವೀಪ, ಮೊದಲು ಫ್ರೇಸರ್ ಐಲ್ಯಾಂಡ್ ಅಂತಿದ್ದದ್ದು. 2023ರಲ್ಲಿ ಅಲ್ಲಿನ ಮೂಲನಿವಾಸಿ ಬುಚುಲ್ಲಾ ಜನರ ಹೆಸರೇ ಅಧಿಕೃತವಾಯಿತು. ಬರೆಯುವಾಗ ಮುಂದೊಂದು 'ಕೆ' ಇದೆ, ಬಾಯಲ್ಲಿ ಬರುವುದು ಹೆಚ್ಚುಕಡಿಮೆ 'ಗರಿ' ಅಂತ. ನಮಗೆ ಸುಲಭವಾಯಿತು ಬಿಡಿ.

ಪ್ರಶ್ನೆ: ಈಸ್ಟರ್ ರಜೆಗೆ ಎರಡು ಕುಟುಂಬ ಸೇರಿ ಗರಿ ದ್ವೀಪಕ್ಕೆ ಹೊರಟಿದ್ದೇವೆ. ನಮ್ಮದು ಪ್ರಾಡೋ ಕಾರು, ಗೆಳೆಯರದು ರಾವ್ ಫೋರ್. ಊರಿಂದ ಅಪ್ಪ ಅಮ್ಮನೂ ಬಂದಿದ್ದಾರೆ. ಗುಡ್ ಫ್ರೈಡೇ ಬೆಳಗ್ಗೆ ಹತ್ತಕ್ಕೆ ಇನ್‌ಸ್ಕಿಪ್ ಪಾಯಿಂಟ್‌ನಲ್ಲಿ ಕಾರು ದಾಟಿಸುವ ಬಾರ್ಜ್ ಹತ್ತಿ, ಮಧ್ಯಾಹ್ನದ ಊಟಕ್ಕೆ ದ್ವೀಪದ ಯೂರಾಂಗ್ ಊರು ತಲುಪುವ ಯೋಚನೆ. ಎರಡು ರಾತ್ರಿ ಅಲ್ಲೇ. ಅವತ್ತು ಉಬ್ಬರ 10.30ಕ್ಕೆ ಅಂತ ಪಟ್ಟಿಯಲ್ಲಿದೆ. ತೊಂದರೆ ಇಲ್ಲ ಅಲ್ವಾ?
— ಶಿವಮೊಗ್ಗ ಕಡೆಯವರು, ಬ್ರಿಸ್ಬೇನ್

ಉತ್ತರ: ತೊಂದರೆ ಇದೆ. ನೀವು ದಡ ಮುಟ್ಟುವ ಹೊತ್ತಿಗೆ ಸರಿಯಾಗಿ ರಸ್ತೆ ನೀರೊಳಗೆ ಇರುತ್ತದೆ.

ಪೂರ್ವ ದಡದ ಸೆವೆಂಟಿ ಫೈವ್ ಮೈಲ್ ಬೀಚ್ ಸರ್ಕಾರಿ ಲೆಕ್ಕದಲ್ಲಿ ರಸ್ತೆಯೇ. 80 ಕಿ.ಮೀ. ವೇಗದ ಮಿತಿ ಇದೆ, ಕೆಲವು ಕಡೆ ಇನ್ನೂ ಕಡಿಮೆ. ಸೀಟ್ ಬೆಲ್ಟ್ ಹಾಕಬೇಕು, ಕುಡಿದು ಓಡಿಸುವಂತಿಲ್ಲ. ಆದರೆ ಈ ರಸ್ತೆ ದಿನಕ್ಕೆ ಎರಡು ಸಲ ಮಾಯವಾಗುತ್ತದೆ. ಅಲ್ಲಿ ಓಡಿಸುವವರೆಲ್ಲ ಪಾಲಿಸುವ ನಿಯಮ ಸರಳ: ಉಬ್ಬರದ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ಬೀಚಿಗೆ ಇಳಿಯಬೇಡಿ. ನೀರು ಮೇಲೆ ಬಂದಾಗ ಗಟ್ಟಿ ಮರಳೆಲ್ಲ ಮುಳುಗಿ, ಕಾರಿಗೆ ಉಳಿಯುವುದು ದಿಬ್ಬದ ಬುಡದ ಪುಡಿ ಮರಳು ಮಾತ್ರ. ಅದರಲ್ಲಿ ಹೂತುಕೊಂಡರೆ ಅಲೆ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಇನ್ನೊಂದು ವಿಷಯ, ಇದನ್ನು ಯಾಕೋ ಯಾರೂ ಯೋಚಿಸುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಕಡಲು ಜಾಸ್ತಿ ಏರುತ್ತದೆ ಅಂತ ನಮ್ಮ ಕರಾವಳಿಯ ಮಕ್ಕಳಿಗೂ ಗೊತ್ತು. ಈಸ್ಟರ್ ಲೆಕ್ಕ ಹಾಕುವುದೇ ಹುಣ್ಣಿಮೆ ಆದಮೇಲಿನ ಭಾನುವಾರಕ್ಕೆ. ಅಂದರೆ ವರ್ಷದ ದೊಡ್ಡ ಜನಜಂಗುಳಿಯೂ ದೊಡ್ಡ ಉಬ್ಬರವೂ ಎಷ್ಟೋ ಸಲ ಒಟ್ಟಿಗೇ ಬರುತ್ತವೆ!

ಈಗ ನಿಮ್ಮ ಲೆಕ್ಕ ಮಾಡೋಣ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಶುಕ್ರವಾರ 10.30ಕ್ಕೆ ಉಬ್ಬರ ಅಂದರೆ ಇಳಿತ ಸಂಜೆ 4.40ರ ಆಸುಪಾಸು. 12.30ರ ತನಕ ಬೀಚಿನ ಹೆಸರೇ ಎತ್ತಬೇಡಿ. ಏಪ್ರಿಲ್ ಮಧ್ಯದಲ್ಲಿ ಅಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಕತ್ತಲಲ್ಲಿ ಬೀಚ್ ಡ್ರೈವ್ ಬೇಡವೇ ಬೇಡ. ಹಾಗಾಗಿ ಬ್ರಿಸ್ಬೇನಿಂದ ಆರಾಮಾಗಿ ಹೊರಟು, ರೇನ್‌ಬೋ ಬೀಚ್ ಊರಲ್ಲಿ ಊಟ ಮುಗಿಸಿ, ಎರಡು ಗಂಟೆ ಹೊತ್ತಿಗೆ ಬಾರ್ಜ್ ಹತ್ತಿ. ದಾಟಲು ಹತ್ತು ಹದಿನೈದು ನಿಮಿಷ. ಬಾರ್ಜ್ ಇಳಿಸುವ ಹುಕ್ ಪಾಯಿಂಟಿಂದ ಯೂರಾಂಗ್ ಸುಮಾರು 35 ಕಿ.ಮೀ. ನಾಲ್ಕಕ್ಕೆ ಮೊದಲು ಚಹಾ ಕುಡಿಯುತ್ತಿರುತ್ತೀರಿ.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ 11.20. ಬೆಳಕು ಹರಿದ ಕೂಡಲೇ, ಆರೂಕಾಲಕ್ಕೆ ಹೊರಟರೆ ಎಲೈ ತೊರೆ, ಮಹೆನೋ ಹಡಗು ಎರಡೂ ನೋಡಿಕೊಂಡು ಒಂಬತ್ತಕ್ಕೆ ವಾಪಸ್ ಬರಬಹುದು. ಮಹೆನೋ 1905ರ ಹಡಗು. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿತ್ತು. 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುವಾಗ ಚಂಡಮಾರುತಕ್ಕೆ ಸಿಕ್ಕಿ ಈ ದಡಕ್ಕೆ ಬಂದು ಬಿತ್ತು, ಇವತ್ತಿಗೂ ಅಲ್ಲೇ ತುಕ್ಕು ಹಿಡಿಯುತ್ತಿದೆ. ಹತ್ತಿ ಫೋಟೋ ತೆಗೆಯಬೇಡಿ, ಹತ್ತಿರ ಹೋಗುವುದಕ್ಕೂ ನಿಷೇಧ ಇದೆ. ನೀರು ಮೇಲಿರುವ ಮಧ್ಯಾಹ್ನವನ್ನು ಒಳನಾಡಿಗೆ ಇಡಿ, ಮ್ಯಾಕೆಂಜಿ ಸರೋವರಕ್ಕೆ ಹೋಗಿ. ಆ ಕಾಡುದಾರಿಯ ಮಿತಿ 30 ಕಿ.ಮೀ. ಅಷ್ಟು ವೇಗ ಹೋಗಲು ಆಗುವುದೂ ಇಲ್ಲ, ಅಷ್ಟು ಕುಲುಕಾಟ. ಅಪ್ಪ ಅಮ್ಮನಿಗೆ ಬೆನ್ನುನೋವು ಇದ್ದರೆ ಅವರನ್ನು ಯೂರಾಂಗ್‌ನಲ್ಲೇ ಬಿಡಿ.

ಭಾನುವಾರ ಉಬ್ಬರ 12.10ರ ಸುಮಾರು. ಹತ್ತರೊಳಗೆ ಹುಕ್ ಪಾಯಿಂಟ್ ಮುಟ್ಟಿರಬೇಕು, ಅಂದರೆ ಎಂಟಕ್ಕೆ ಯೂರಾಂಗ್ ಬಿಡಬೇಕು. ತಿಂಡಿ ಬುತ್ತಿಯಲ್ಲಿರಲಿ. ಈ ಮಾತು ಸುಮ್ನೆ ಹೇಳುತ್ತಿಲ್ಲ. ನನ್ನ ಮೊದಲ ಟ್ರಿಪ್ಪಿನಲ್ಲಿ ಗಿಂಪಿ ಊರಿನ ಪಾರ್ಕಿನಲ್ಲಿ ಚಪಾತಿ, ಪಲ್ಯ, ಆಮೇಲೆ ಮೊಸರನ್ನ ಅಂತ ಬಿಚ್ಚಿಕೊಂಡು ಕೂತು ಒಂದೂವರೆ ಗಂಟೆ ಕಳೆದೆವು. ಬಾರ್ಜ್ ಇಳಿದಾಗ ನೀರು ಏರುತ್ತಿತ್ತು. 'ಅರ್ಧ ಗಂಟೆ ತಾನೇ' ಅಂದುಕೊಂಡು ನುಗ್ಗಿದೆ. ನಾಲ್ಕೇ ಕಿಲೋಮೀಟರಿಗೆ ಮೇಲಿನ ಮೆತ್ತನೆ ಮರಳಿನಲ್ಲಿ ಹಿಂದಿನ ಚಕ್ರ ಕುಳಿತುಬಿಟ್ಟವು, ಅಲೆ ಹತ್ತು ಹೆಜ್ಜೆ ದೂರದಲ್ಲಿ. ಗಾಳ ಹಾಕಲು ಬಂದಿದ್ದ ಒಂದು ಕುಟುಂಬ ಸಲಿಕೆ ಹಿಡಿದು ಇಳಿಯದಿದ್ದರೆ ಆ ಕಾರು ನನ್ನದಾಗಿ ಉಳಿಯುತ್ತಿರಲಿಲ್ಲ. ಹೆಂಡತಿ ಇವತ್ತಿಗೂ ಮೊಸರನ್ನ ಕಲಸುವಾಗ ಗಡಿಯಾರ ನೋಡುತ್ತಾಳೆ.

ಈಗ ರಾವ್ ಫೋರ್. ಬೇಡ. ಆಲ್ ವೀಲ್ ಡ್ರೈವ್ ಬೇರೆ, ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲ ಕೊಡುವ ಗೇರು) ಇರುವ, ನೆಲದಿಂದ ಎತ್ತರ ಇರುವ ಫೋರ್ ವೀಲ್ ಡ್ರೈವ್ ಬೇರೆ. ಒಳದಾರಿಯ ಗಾಲಿ ಕೊರಕಲಿನಲ್ಲಿ ಅದರ ಹೊಟ್ಟೆ ಮರಳಿನ ಮೇಲೆ ಕೂರುತ್ತದೆ, ಆಮೇಲೆ ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗುತ್ತವೆ. ಹಾಗಂತ ಎಲ್ಲರನ್ನೂ ಪ್ರಾಡೋದಲ್ಲಿ ತುಂಬಬೇಡಿ. ಎರಡು ಗಾಡಿ ಇರುವುದು ಒಳ್ಳೆಯದೇ, ಒಂದು ಹೂತರೆ ಇನ್ನೊಂದು ಎಳೆಯುತ್ತದೆ. ಗೆಳೆಯರು ದ್ವೀಪಕ್ಕೆಂದೇ ಬಾಡಿಗೆಗೆ ಕೊಡುವ ಫೋರ್ ವೀಲ್ ಡ್ರೈವ್ ತಗೊಳ್ಳಲಿ. ಗಾಡಿ ಪರ್ಮಿಟ್ ಮೊದಲೇ ಮಾಡಿಸಿ. ಹೊರಡುವ ಹಿಂದಿನ ರಾತ್ರಿ ಕ್ವೀನ್ಸ್‌ಲ್ಯಾಂಡ್ ಪಾರ್ಕ್ಸ್‌ನ ಸೂಚನೆಗಳನ್ನು ಓದಿ, ಯಾವ ದಾರಿ ಮುಚ್ಚಿದೆ ಅಂತ ಅಲ್ಲಿ ಹಾಕುತ್ತಾರೆ.

ಪ್ರಶ್ನೆ: ಟೈರ್ ಗಾಳಿ ಎಷ್ಟು ಇಳಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಗೋಲ್ಡ್ ಕೋಸ್ಟ್

ಉತ್ತರ: ಒಬ್ಬೊಬ್ಬರ ಗಾಡಿಯ ತೂಕ ಒಂದೊಂದು, ಅದಕ್ಕೆ. ಸಾಮಾನ್ಯ ಫೋರ್ ವೀಲ್ ಡ್ರೈವಿಗೆ 20 ಪಿಎಸ್‌ಐ ಹತ್ತಿರದಿಂದ ಶುರು ಮಾಡಿ. ಗಾಳಿ ಇಳಿದರೆ ಟೈರು ಉದ್ದಕ್ಕೆ ಚಪ್ಪಟೆಯಾಗಿ, ತೂಕ ಹರಡಿಕೊಂಡು ಮರಳನ್ನು ಅಗೆಯದೆ ಅದರ ಮೇಲೆ ತೇಲಿದಂತೆ ಹೋಗುತ್ತದೆ. ಹೂತುಕೊಂಡಾಗ 16ರ ತನಕ ಇಳಿಸಬಹುದು. ಆಗ ಮಾತ್ರ ಮೆಲ್ಲಗೆ ಹೋಗಿ, ಜೋರಾಗಿ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿಂದ ಕಳಚಿಕೊಳ್ಳುತ್ತದೆ. ಗಾಳಿ ಇಳಿಸುವುದನ್ನು ಇನ್‌ಸ್ಕಿಪ್ ಮರಳಿಗೆ ಇಳಿಯುವ ಮೊದಲೇ ಮುಗಿಸಿ. ಬಾರ್ಜ್ ಹತ್ತುವ ಜಾಗದಲ್ಲೇ ಹೂತುಕೊಳ್ಳುವವರು ಎಷ್ಟು ಜನ ಅಂದರೆ, ಅದನ್ನು ನೋಡಲೆಂದೇ ಕೆಲವರು ಕುರ್ಚಿ ಹಾಕಿ ಕೂರುತ್ತಾರೆ. ಗೇಜ್, ಪಂಪ್ ಎರಡೂ ಇರಲಿ, ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು.

ಪ್ರಶ್ನೆ: ಹೂತುಕೊಂಡರೆ ಮೊದಲು ಏನು ಮಾಡಬೇಕು?
— ಇಪ್ಸ್‌ವಿಚ್

ಉತ್ತರ: ಆಕ್ಸಿಲರೇಟರಿಂದ ಕಾಲು ತೆಗೆಯಿರಿ. ಉಳಿದದ್ದೆಲ್ಲ ಆಮೇಲೆ. ಚಕ್ರ ತಿರುಗಿದಷ್ಟೂ ನಿಮ್ಮ ಗುಂಡಿಯನ್ನು ನೀವೇ ತೋಡುತ್ತೀರಿ. ಇಳಿದು ನೀರು ಎಲ್ಲಿದೆ ನೋಡಿ, ಮಕ್ಕಳನ್ನು ಮೇಲಿನ ದಿಬ್ಬದ ಕಡೆ ಕಳಿಸಿ, ಜೊತೆಗೆ ಒಬ್ಬ ದೊಡ್ಡವರು ಇರಲೇಬೇಕು. ಅಲ್ಲಿ ಡಿಂಗೋ ನಾಯಿಗಳು ಓಡಾಡುತ್ತವೆ. ಅವಕ್ಕೆ ತಿನ್ನಲು ಹಾಕುವುದು ಅಪರಾಧ, ಅವುಗಳನ್ನು ಕಂಡು ಓಡುವುದು ಅಪಾಯ. ಆಮೇಲೆ ಚಕ್ರದ ಹಿಂದಿನ ಮರಳು, ಹೊಟ್ಟೆ ಕೆಳಗಿನ ಮರಳು ತೆಗೆದು, ಗಾಳಿ ಇನ್ನಷ್ಟು ಇಳಿಸಿ, ಬಂದ ಜಾಡಿನಲ್ಲೇ ರಿವರ್ಸ್ ಬನ್ನಿ. ಆ ಜಾಡು ನಿಮ್ಮದೇ ಟೈರು ತುಳಿದು ಗಟ್ಟಿ ಮಾಡಿದ್ದು. ಮುಂದಕ್ಕೇ ಹೋಗುತ್ತೇನೆ ಅನ್ನುವ ಹಟ ಬೇಡ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಕೆಲಸ ಆಗುತ್ತದೆ, ಇದು ನನ್ನ ಅನುಭವದ ಲೆಕ್ಕ.

ಎಳೆಸುವುದೇ ಆದರೆ ಒಂದು ಮಾತು. ಟ್ರೇಲರ್ ಸಿಕ್ಕಿಸುವ ಟೋ ಬಾಲಿಗೆ ಬೆಲ್ಟ್ ಕಟ್ಟಲೇಬೇಡಿ. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಜನ ಸತ್ತಿದ್ದಾರೆ. ಎಳೆಯಲೆಂದೇ ಇರುವ ಕೊಂಡಿಗೆ ಮಾತ್ರ ಕಟ್ಟಿ, ಉಳಿದವರು ದೂರ ನಿಲ್ಲಲಿ.

ಹೂತುಕೊಳ್ಳುವುದಕ್ಕಿಂತ ನನಗೆ ಹೆದರಿಕೆ ಬೇರೆಯದಕ್ಕೆ. ಎಲೈ ತೊರೆ ಒಂದೇ ಗಂಟೆಗೆ ಸುಮಾರು 40 ಲಕ್ಷ ಲೀಟರ್ ನೀರನ್ನು ಕಡಲಿಗೆ ಸುರಿಯುತ್ತದೆ. ಹೀಗೆ ಸಣ್ಣ ದೊಡ್ಡ ತೊರೆಗಳು ಬೀಚನ್ನು ಅಡ್ಡಕ್ಕೆ ಕೊರೆದು ಮೊಣಕಾಲೆತ್ತರದ ಅಂಚು ಮಾಡಿಟ್ಟಿರುತ್ತವೆ, ದೂರದಿಂದ ಎಲ್ಲ ಸಪಾಟಾಗೇ ಕಾಣುತ್ತದೆ. 80ರಲ್ಲಿ ಬಂದು ಅದಕ್ಕೆ ಬಿದ್ದು, ಇಲ್ಲವೇ ಕಂಡ ಕೂಡಲೇ ಸ್ಟೀರಿಂಗ್ ಎಳೆದು ಮಗುಚಿದ ಗಾಡಿಗಳಿವೆ, ಪ್ರಾಣ ಹೋಗಿದೆ. ನಿನ್ನೆ ಇಲ್ಲದ ಕೊರಕಲು ಇವತ್ತಿರುತ್ತದೆ. ಮಿತಿ 80 ಇದ್ದರೂ ನಾನು 60 ದಾಟುವುದಿಲ್ಲ. ಆಗಾಗ ಮೇಲೆಯೂ ನೋಡಿ. ಪ್ರವಾಸಿಗರ ಸಣ್ಣ ವಿಮಾನಗಳು ಇದೇ ಬೀಚಿನಲ್ಲಿ ಇಳಿಯುತ್ತವೆ, ದಾರಿ ಅವಕ್ಕೆ ಬಿಡಬೇಕು.

ಪ್ರಶ್ನೆ: ಬೆಂಗಳೂರಿಂದ ಬರುತ್ತಿದ್ದೇವೆ. ಏರ್‌ಪೋರ್ಟಲ್ಲಿ ಬಾಡಿಗೆಗೆ ಸಿಗುವ ಎಸ್‌ಯುವಿ ತಗೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ?
— ಜಯನಗರ

ಉತ್ತರ: ಉಪ್ಪಿಗೆ ಗೊತ್ತಾಗುತ್ತದೆ. ವಾಪಸ್ ಕೊಡುವಾಗ ಅವರು ಮೊದಲು ಬಗ್ಗಿ ನೋಡುವುದೇ ಗಾಡಿಯ ಅಡಿಭಾಗವನ್ನು. ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಬೀಚಿಗೆ ಅನುಮತಿ ಇರುವುದಿಲ್ಲ, ಅನುಮತಿ ಇಲ್ಲದ ಕಡೆ ಏನಾದರೂ ಆದರೆ ವಿಮೆಯೂ ಇಲ್ಲ. ನೀರು ನುಂಗಿದ ಕಾರಿನ ಪೂರ್ತಿ ಬೆಲೆ ನಿಮ್ಮ ತಲೆಗೆ. ಮರಳಿನಲ್ಲಿ ಓಡಿಸಿ ಅಭ್ಯಾಸ ಇಲ್ಲದವರು ಮೊದಲ ಸಲ ಟೂರ್ ಬಸ್ಸಲ್ಲಿ ಹೋಗುವುದೇ ಚೆಂದ, ಡ್ರೈವರ್ ಹಿಂದಿನ ಸೀಟು ಹಿಡಿದು ಅವರು ಎಲ್ಲಿ ನಿಧಾನ ಮಾಡುತ್ತಾರೆ ಅಂತ ನೋಡಿ. ಸ್ವಂತ ಗಾಡಿಯವರಿಗೂ ಒಂದು ಮಾತು: ಅಲೆಯಲ್ಲಿ ನೀರು ಚಿಮ್ಮಿಸುವ ವಿಡಿಯೋ ಬೇಡ, ಮನೆ ಸೇರುವ ಮೊದಲು ಅಡಿಭಾಗಕ್ಕೆ ಸಿಹಿನೀರು ಚೆನ್ನಾಗಿ ಹೊಡೆಸಿ.

ಪ್ರಶ್ನೆ: ಅಷ್ಟು ದೂರ ಯಾಕೆ? ನನ್ನ ಥಾರ್ ಇದೆ. ಗೋಕರ್ಣ, ಮರವಂತೆ ಕಡೆ ಇಳಿಸಬಹುದಾ?
— ಮೈಸೂರು

ಉತ್ತರ: ಇಳಿಸಬೇಡಿ. ನಮ್ಮ ದಡದಲ್ಲಿ ಬಲೆ ಒಣಗುತ್ತಿರುತ್ತದೆ, ದೋಣಿ ಎಳೆಯುತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಮರಳೊಳಗಿನ ಗೂಡು ಟೈರಿನಡಿ ಹೋದರೆ ನಿಮಗೆ ಗೊತ್ತೂ ಆಗುವುದಿಲ್ಲ. ಆಸೆ ತೀರಲೇಬೇಕು ಅಂದರೆ ಕೇರಳದಲ್ಲಿ ಕಣ್ಣೂರು, ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡ್ ಇದೆ. ಅಲ್ಲಿ ಗಾಡಿ ಓಡಿಸಲು ಬಿಡುತ್ತಾರೆ, ಮರಳು ಗಟ್ಟಿ, ಸಾಮಾನ್ಯ ಕಾರೂ ಹೋಗುತ್ತದೆ. ಮಳೆಗಾಲ ಬಿಟ್ಟು ಹೋಗಿ, ಇಳಿತದ ಹೊತ್ತು ಕೇಳಿಕೊಂಡೇ ಇಳಿಯಿರಿ. ಮರವಂತೆಯಲ್ಲಂತೂ ಹೆದ್ದಾರಿಯೇ ಕಡಲಿಗೆ ಅಂಟಿಕೊಂಡಿದೆಯಲ್ಲ ಮಾರಾಯ್ರೇ, ಕಿಟಕಿ ಇಳಿಸಿದರೆ ಸಾಕು.