ಎರಡನೆಯ ತರಗತಿಯ ಮಕ್ಕಳು ತಾವಾಗಿ ಓದಿಕೊಳ್ಳುವಂತಹ ಕಥೆಯನ್ನು ಬರೆಯುವುದು ಹೇಗೆ?

ದೊಡ್ಡವರೆಲ್ಲ ಮೆಚ್ಚಿದ ನಿಮ್ಮ ಕಥೆಯನ್ನು ನಿಮ್ಮ ತರಗತಿಯ ಮಕ್ಕಳು ನಾಲ್ಕು ಸಾಲು ಓದಿ ಕೈಬಿಡುತ್ತಾರೆ, ನೀವೇ ಓದಿ ಹೇಳಿದರೆ ಮಾತ್ರ ಆಸೆಯಿಂದ ಕೇಳುತ್ತಾರೆ ಎಂದು ಬರೆದಿದ್ದೀರಿ. ಹಾಗಿದ್ದರೆ ದೋಷವಿರುವುದು ಕಥೆಯಲ್ಲಲ್ಲ, ಅಕ್ಷರಗಳಲ್ಲಿ. ಮಕ್ಕಳಿಗಾಗಿ ಬರೆಯುವ, ಇತರರ ಹಸ್ತಪ್ರತಿಗಳನ್ನೂ ತಿದ್ದುವ ನನಗೆ ಇಂತಹ ಕಥೆಗಳು ಮತ್ತೆ ಮತ್ತೆ ಎದುರಾಗುತ್ತವೆ.

ಕಾಗುಣಿತವನ್ನು ಕಲಿತು ಈಗಷ್ಟೇ ಒತ್ತಕ್ಷರಕ್ಕೆ ಕಾಲಿಟ್ಟಿರುವ ಮಗುವಿಗೆ ನಮ್ಮ ಲಿಪಿ ಒಂದು ವಿಚಿತ್ರವಾದ ತೊಡಕನ್ನು ಒಡ್ಡುತ್ತದೆ: ಸ್ವರದ ಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಆದರೆ ಓದುವಾಗ ಅದು ಕೆಳಗಿನ ಒತ್ತಿಗೆ ಸೇರುತ್ತದೆ. ‘ಅಮ್ಮ’, ‘ಅಜ್ಜಿ’ಯಂತಹ ಸಜಾತಿ ಒತ್ತುಗಳು ಬಾಯಿಗೆ ಪರಿಚಿತವಾದ್ದರಿಂದ ಮಗು ಹೇಗೋ ದಾಟಿಕೊಳ್ಳುತ್ತದೆ, ಒಂದು ವ್ಯಂಜನಕ್ಕೆ ಬೇರೊಂದು ವ್ಯಂಜನ ಸೇರುವ ವಿಜಾತಿ ಒತ್ತುಗಳು ಸಾಲಿಗೆ ಎರಡು ಮೂರು ಬಂದರೆ ಕಥೆಯ ಎಳೆಯೇ ಕೈತಪ್ಪುತ್ತದೆ. ‘ಅಳಿಲು ವೃಕ್ಷದ ತುದಿಯನ್ನು ಹತ್ತಿ ಕುಳಿತುಕೊಂಡಿತ್ತು’ ಎನ್ನುವುದಕ್ಕಿಂತ ‘ಅಳಿಲು ಮರ ಏರಿತು’ ಎಂಬುದು ಆ ವಯಸ್ಸಿಗೆ ಹೊಂದುತ್ತದೆ. ಓಡಿತು, ಬಂದಿತು, ಕುಣಿಯಿತು ಮುಂತಾದ ಒತ್ತಿಲ್ಲದ ಕ್ರಿಯಾಪದಗಳು ನಮ್ಮಲ್ಲಿ ಬೇಕಾದಷ್ಟಿವೆ.

ಆಡುಮಾತಿನಲ್ಲಿ ಬರೆದರೆ ಸುಲಭವಾಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ಅನುಮಾನದಿಂದ ನೋಡಬೇಕು. ಕಿವಿಗೆ ‘ನೋಡ್ಕೊಂಡು’ ಹಗುರವಾಗಿ ಕೇಳಿಸಿದರೂ ಕಣ್ಣಿಗೆ ಸುಲಭವಾಗಿರುವುದು ‘ನೋಡಿಕೊಂಡು’ ಎಂಬ ರೂಪವೇ. ಸಂಭಾಷಣೆಯಲ್ಲಿ ಊರಿನ ಮಾತನ್ನು ನಾನು ಬಿಡುವುದಿಲ್ಲ, ಬಿಡಬಾರದು ಕೂಡ. ಆದರೆ ಅದನ್ನು ಗಟ್ಟಿಯಾಗಿ ಓದಿ ಹೇಳುವ ಪುಸ್ತಕಗಳಲ್ಲಿ ಧಾರಾಳವಾಗಿಯೂ ಮಗು ತಾನೇ ಓದುವ ಪುಸ್ತಕದಲ್ಲಿ ಮಿತವಾಗಿಯೂ ಬಳಸುತ್ತೇನೆ.

ಚಿತ್ರ ಹೇಳುವುದನ್ನು ಸಾಲು ಮತ್ತೆ ಹೇಳಬೇಕಾಗಿಲ್ಲ. ‘ಕೆಂಪು ಲಂಗ ತೊಟ್ಟ ಹುಡುಗಿ’ ಎಂಬುದು ಚಿತ್ರದಲ್ಲಿ ಕಾಣುವುದಾದರೆ ಮೊದಲ ಮೂರು ಪದಗಳನ್ನು ಹೊಡೆದುಹಾಕಿರಿ. ಪಿನ್ ಹೊಡೆದು ಕಟ್ಟುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲಿರುವುದು ಅನಿವಾರ್ಯ, ಸಾಮಾನ್ಯವಾಗಿ 16 ಅಥವಾ 24. ಆದ್ದರಿಂದ ಹಾಳೆಗಳನ್ನು ಮಡಚಿ ಒಂದು ಕಚ್ಚಾ ಪುಸ್ತಕವನ್ನು ಮಾಡಿಕೊಂಡು ಯಾವ ಸಾಲು ಯಾವ ಪುಟಕ್ಕೆ ಎಂದು ಹಂಚಿ ನೋಡಿದರೆ, ಕುತೂಹಲ ಎಲ್ಲಿ ನಿಲ್ಲಬೇಕು ಎಂಬುದು ನಿಮಗೇ ಗೋಚರಿಸುತ್ತದೆ.

ಹಸ್ತಪ್ರತಿಯನ್ನು ಯಾರಿಗೆ ತೋರಿಸಬೇಕು ಎಂದೂ ಕೇಳಿದ್ದೀರಿ. ಮೊದಲು ಶಿಕ್ಷಕರಿಗೇ ತೋರಿಸಿರಿ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿಯೂ ಶಾಲಾ ಇನ್‌ಸ್ಪೆಕ್ಟರಾಗಿಯೂ ದುಡಿದವರು. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರ ಬಳಗದಲ್ಲಿ ಶಾಲೆಯ ಮೇಷ್ಟರುಗಳಿಗೆ ಇಂದಿಗೂ ದೊಡ್ಡ ಪಾಲಿದೆ. ಬೇರೆ ಶಾಲೆಯ ಇಬ್ಬರು ಶಿಕ್ಷಕರಿಗೆ ಹಸ್ತಪ್ರತಿಯನ್ನು ಕೊಟ್ಟು, ಅವರ ಮಕ್ಕಳು ತಡವರಿಸಿದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿಕೊಡುವಂತೆ ಕೇಳಿಕೊಳ್ಳಿರಿ. ನಿಮ್ಮದೇ ತರಗತಿಯ ಮಕ್ಕಳು ನಿಮ್ಮ ಮೇಲಿನ ಪ್ರೀತಿಯಿಂದ ಚೆನ್ನಾಗಿದೆ ಎಂದುಬಿಡುತ್ತಾರೆ! ಮಕ್ಕಳ ಪುಸ್ತಕಗಳನ್ನು ಪ್ರಕಟಿಸುವ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮೊದಲನೆಯ ಮಟ್ಟದ ಕೆಲವನ್ನು ಓದಿ, ಅವುಗಳ ಸಾಲುಗಳ ಉದ್ದವನ್ನು ನಿಮ್ಮ ಸಾಲುಗಳೊಂದಿಗೆ ಹೋಲಿಸಿ ನೋಡಿರಿ. ಪ್ರಕಾಶಕರಿಗೆ ಕಳುಹಿಸುವ ಮಾತು ಅದಾದ ಮೇಲೆ.