ಕಾಲು ಊದಿದರೂ ಸಾಹುಕಾರರಿಗೆ ಹೇಳದ ರೈಟರ್

ಸುರೇಶ್ (ಹೆಸರು, ಊರು ಬದಲಿಸಿದ್ದೇನೆ) ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ, ತೂಕ ಬರೆಯುವವರು. ಹಿಮೋಫಿಲಿಯಾ ಎ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನೋ ಪ್ರೋಟೀನ್ ಅವರಿಗೆ ಕಡಿಮೆ. ಗಾಯವಾದರೆ ಮಾತ್ರ ತೊಂದರೆ ಅಂತ ಜನ ತಿಳಿದಿರುತ್ತಾರೆ. ಇವರಿಗೆ ರಕ್ತ ಸೋರುತ್ತಿದ್ದದ್ದು ಒಳಗೆ, ಬಲ ಪಾದದ ಕೀಲಿನಲ್ಲಿ. ರೋಬಸ್ಟಾ ಕಾಫಿ ಕುಯ್ಲಿನಲ್ಲಿ ಇಡೀ ದಿನ ಇಳಿಜಾರು ಹತ್ತಿ ಇಳಿದು, ಸಂಜೆ ತೂಕದ ಹೊತ್ತಿಗೆ ಹಣ್ಣಿನ ಚೀಲ ಎತ್ತೋಕೂ ಕೈ ಕೊಟ್ಟು, ರಾತ್ರಿಗೆ ಕಾಲು ಬಿಸಿಯಾಗಿ ಊದಿ ಶೂ ಬಿಚ್ಚೋದೇ ಕಷ್ಟವಾಗುತ್ತಿತ್ತು.

ಬೆಳಗ್ಗೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ಮತ್ತೆ ತೋಟಕ್ಕೆ. ಇದು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ರಕ್ತಸ್ರಾವ ಹೆಚ್ಚಿಸಬಹುದು. ಡಾಕ್ಟರನ್ನು ಕೇಳದೆ ಯಾವ ನೋವಿನ ಮಾತ್ರೆಯೂ ಬೇಡ ಅಂದೆ.

ಸಾಹುಕಾರರಿಗೆ ಯಾಕೆ ಹೇಳಿಲ್ಲ ಅಂದರೆ, "ಹೇಳಿದ್ರೆ ಕೆಲಸ ಹೋಗುತ್ತೆ ಮೇಡಂ, ತೋಟದ ಮನೆನೂ ಹೋಗುತ್ತೆ." ಹೆಂಡತಿ, ಸಣ್ಣ ಮಗು ಇರುವವರಿಗೆ ಈ ಭಯ ಇರೋದು ಸಹಜ ಅಲ್ವಾ?

ಸಾಹುಕಾರರ ಹತ್ತಿರ ಕಾಯಿಲೆಯ ವಿವರ ಎರಡು ಮಾತಿನಲ್ಲಿ ಮುಗಿಸಿ, ಕೆಲಸದ ಮಾತು ಹೀಗೆ ಆಡಿ ಅಂತ ಹೇಳಿದೆ: "ತೋಟದ ದೂರದ ಬ್ಲಾಕಿಗೆ ಜೀಪಿನಲ್ಲಿ ಬಿಡಿ. ತೂಕ ನಾನು ಬರೀತೀನಿ, ಚೀಲ ಬೇರೆಯವರು ಎತ್ತಲಿ. ಕೀಲು ಜುಮ್ ಅಂದ ಕೂಡಲೇ ಕೂತು ಐಸ್ ಇಟ್ಟುಕೊಳ್ಳೋಕೆ, ಫ್ಯಾಕ್ಟರ್ ಇಂಜೆಕ್ಷನ್‌ಗೆ ಹೋಗೋಕೆ ಬಿಡಿ." ಇಂಜೆಕ್ಷನ್ ತಡವಾದಷ್ಟೂ ಕೀಲು ಹಾಳಾಗುತ್ತೆ, ರಜೆಯೂ ಜಾಸ್ತಿ ಬೇಕಾಗುತ್ತೆ. ಇದನ್ನು ಸಾಹುಕಾರರಿಗೆ ಬಿಡಿಸಿ ಹೇಳಿ ಅಂದೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗೋ ಜಾಗ ಅದು. ಡಾಕ್ಟರ್ ಒಪ್ಪಿದರೆ ಒಂದು ಡೋಸ್ ಮನೆಯ ಫ್ರಿಜ್ಜಿನಲ್ಲೇ ಇರಲಿ, 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಲ್ಲಿ ಬೇಡ. ಕರೆಂಟ್ ಹೋದರೆ ಎಷ್ಟು ಹೊತ್ತು ತಡೆಯುತ್ತೆ ಅಂತ ಡಬ್ಬಿಯ ಮೇಲೆ ನೋಡಿಟ್ಟುಕೊಳ್ಳಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾ ಕೂಡ ಇದೆ. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಿಸಿದೆ. ಇದರಿಂದ ಸರ್ಕಾರಿ ಕೆಲಸದ ಶೇ. 4 ಮೀಸಲಾತಿಯೂ ಸಿಗುತ್ತೆ ಅಂತ ಯಾರೋ ಅವರಿಗೆ ಆಸೆ ಹುಟ್ಟಿಸಿದ್ದರು. ಆ ಮೀಸಲಾತಿಯ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳು ಇಲ್ಲ ಅಂತ ಬೇಜಾರಾದರೂ ಹೇಳಲೇಬೇಕಾಯಿತು.

ಸಾಹುಕಾರರು "ಮೊದಲೇ ಹೇಳಬಾರದಿತ್ತಾ?" ಅಂದರಂತೆ. ಚೀಲ ಎತ್ತೋದು ಅವತ್ತೇ ನಿಂತಿತು. ಜೀಪ್ ಮಾತ್ರ ಆ ಕಡೆ ಹೋಗುವಾಗಷ್ಟೇ. ಮೆಣಸು ಕುಯ್ಲಿಗೆ ಆಳು ಕಮ್ಮಿಯಾದರೆ ಸುರೇಶ್ ತಾವೇ ಏಣಿ ಹತ್ತುತ್ತಾರಂತೆ! ಅದು ಬೇಡವೇ ಬೇಡ, ತಲೆಗೆ ಪೆಟ್ಟಾದರೆ ಜೀವಕ್ಕೇ ಅಪಾಯ ಅಂತ ಗಟ್ಟಿಯಾಗಿ ಹೇಳಿದ್ದೇನೆ. ಆ ಮಾತನ್ನು ಕುಯ್ಲು ಶುರುವಾಗೋ ಮೊದಲೇ ಸಾಹುಕಾರರ ಹತ್ತಿರ ಆಡಬೇಕು.