ಓದುಗರ ಪ್ರಶ್ನೆ: ಬಾಟ್ಲಿ ಹೋಗುವಾಗಲೂ ಫುಲ್, ಬರುವಾಗಲೂ ಫುಲ್!

ಸೆಕೆ ಶುರುವಾಯ್ತು ನೋಡಿ, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಲೆ ಮಕ್ಕಳ ನೀರು, ಡಬ್ಬಿ, ಬಿಸಿಯೂಟದ್ದೇ.

ಪ್ರಶ್ನೆ: ನಾನು ಉಡುಪಿ ಹತ್ತಿರದ ಒಂದು ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಮಕ್ಳು ಬೆಳಿಗ್ಗೆ ತಂದ ನೀರಿನ ಬಾಟ್ಲಿಯನ್ನು ಸಂಜೆ ಹಾಗೇ ವಾಪಸ್ ತಗೊಂಡು ಹೋಗ್ತಾರೆ. ಫಿಲ್ಟರ್ ಹಾಕ್ಸಿದ್ದೇವೆ, ಗೋಡೆಗೆ ಚಾರ್ಟ್ ಅಂಟಿಸಿದ್ದೇವೆ. ಇನ್ನೆಂತ ಮಾಡುದು?

ಉತ್ತರ: ಚಾರ್ಟ್ ಇರ್ಲಿ ಮಾರಾಯ್ರೆ, ಮೊದ್ಲು ಶಾಲೆಯ ಟಾಯ್ಲೆಟ್ ಒಮ್ಮೆ ನೋಡಿ ಬನ್ನಿ. ಬಾಗಿಲಿಗೆ ಚಿಲಕ ಉಂಟಾ, ಬಕೆಟಲ್ಲಿ ನೀರುಂಟಾ, ಎರಡನೇ ಕ್ಲಾಸಿನ ಮಗು ಒಬ್ಳೇ ಹೋಗಿ ಬರುವ ಹಾಗೆ ಉಂಟಾ? ಮಕ್ಳಿಗೆ ಬಾಯಾರಿಕೆ ಆಗುದಿಲ್ಲ ಅಂತಲ್ಲ, ಕುಡಿದ್ರೆ ಹೋಗ್ಬೇಕಾಗ್ತದೆ ಅಂತ ಕುಡಿಯುದಿಲ್ಲ, ಅದ್ರಲ್ಲೂ ಹೆಣ್ಮಕ್ಳು ಬೆಳಿಗ್ಗೆಯಿಂದ ಸಂಜೆವರೆಗೆ ಬಿಗಿಹಿಡಿದು ಕೂತು ಮನೆಗೆ ಬಂದ ಕೂಡ್ಲೇ ಬ್ಯಾಗ್ ಬಿಸಾಡಿ ಬಾತ್‌ರೂಮಿಗೆ ಓಡುದು ನೀವೂ ನೋಡಿರ್ಬಹುದು. ಹೀಗೆ ಕಟ್ಟಿಕೊಂಡೇ ಇದ್ರೆ ಉರಿಮೂತ್ರ, ಮಲಬದ್ಧತೆ ಎರಡೂ ಬರ್ಲಿಕ್ಕುಂಟು. ಆಗಾಗ ಹೊಟ್ಟೆನೋವು ಅಂತ ಮನೆಗೆ ಕಳಿಸುವ ಮಕ್ಳಲ್ಲಿ ಕೆಲವರದ್ದು ಇದೇ ಕತೆ. ಇನ್ನೊಂದು, ಮಗು ಎದ್ದು ನಿಂತು "ಮಿಸ್, ಒಂದಕ್ಕೆ" ಅಂದ್ರೆ "ಈಗ್ಲಾ? ಈಗಷ್ಟೇ ಬೆಲ್ಲಾದದ್ದಲ್ವಾ" ಅಂತ ಎಲ್ಲರೆದುರು ಕೇಳಿದ್ರೆ ಆ ಮಗು ನಾಳೆಯಿಂದ ನೀರು ಮುಟ್ಟುದಿಲ್ಲ. ಟೀಚರ್‌ಗಳ ಹತ್ರ ಇದನ್ನು ಮೀಟಿಂಗಲ್ಲಿ ಬಾಯಿಬಿಟ್ಟು ಹೇಳ್ಬೇಕು.

ಅದಾದ ಮೇಲೆ ನೀರಿನ ಗಂಟೆ. 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾದದ್ದು, ನಮ್ಮಲ್ಲೂ ಹಲವು ಶಾಲೆಗಳು ಹಿಡ್ಕೊಂಡವು. ಬೆಲ್ ಹೊಡೀತದೆ, ಎಲ್ರೂ ಕೂತಲ್ಲೇ ನಾಲ್ಕು ಗುಟುಕು ಕುಡೀತಾರೆ, ಅಷ್ಟೇ. ಬಾಟ್ಲಿ ಬ್ಯಾಗೊಳಗೆ ಪುಸ್ತಕದ ಅಡಿಯಲ್ಲಿದ್ರೆ ಆಗ್ಲಿಕ್ಕಿಲ್ಲ, ಡೆಸ್ಕ್ ಮೇಲೆ ಕಾಣ್ಬೇಕು. ಟೀಚರೂ ಒಟ್ಟಿಗೆ ಕುಡೀಬೇಕು, ದಿನವಿಡೀ ಮಾತಾಡಿ ಅವ್ರ ಗಂಟಲೂ ಒಣಗಿರ್ತದೆ. ಫಿಲ್ಟರ್ ಹಾಕ್ಸಿದ್ದು ಒಳ್ಳೇದು, ಆದ್ರೆ ಕ್ಯಾಂಡಲ್ ಯಾವಾಗ ತೊಳ್ದದ್ದು, ಟ್ಯಾಂಕ್ ಯಾವಾಗ ತೊಳ್ದದ್ದು ಅಂತ ಯಾರಾದ್ರೂ ಬರೆದಿಡಿ. ಸಪ್ಪೆ ನೀರು ಬೇಡ ಅನ್ನುವವರಿಗೆ ಬಿಸಿಯೂಟದ ಅಕ್ಕನ ಹತ್ರ ಒಂದು ಪಾತ್ರೆ ಜೀರಿಗೆ ನೀರೋ ಲಾವಂಚದ ನೀರೋ ಕುದಿಸಿ ಆರಿಸಿಡ್ಲಿಕ್ಕೆ ಹೇಳಿ. ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿ ಚಿಟಿಕೆ ಉಪ್ಪು ಹಾಕಿದ್ದೂ ಓಕೆ, ಆದ್ರೆ ಬಾಟ್ಲಿಯಲ್ಲಿ ಬರುವ ಸಿರಪ್ ಬೇಡ, ಅದ್ರಲ್ಲಿ ಪುಳಿಗಿಂತ ಸಕ್ಕರೆಯೇ ಜಾಸ್ತಿ. ಸಾಕಷ್ಟು ಕುಡಿದಿದ್ದಾರಾ ಅಂತ ನೋಡ್ಲಿಕ್ಕೆ ಲೋಟ ಲೆಕ್ಕ ಮಾಡುದು ಬೇಡ, ಮೂತ್ರ ಗಾಢ ಹಳದಿ ಇದ್ರೆ ಇನ್ನೂ ಕುಡೀಬೇಕು ಅಂತ ಮಕ್ಳಿಗೇ ಹೇಳ್ಕೊಡಿ, ನಗಾಡ್ತಾರೆ, ಆದ್ರೆ ಮರೆಯುದಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಚಿಪ್ಸ್, ನೂಡಲ್ಸ್ ತರ್ಬೇಡಿ ಅಂತ ಸರ್ಕ್ಯುಲರ್ ಕೊಟ್ಟಿದ್ದಾರೆ, ಸರಿ. ಆದ್ರೆ ಗೇಟಿನ ಎದುರೇ ಅಂಗಡಿಯಲ್ಲಿ ಎಲ್ಲ ಸಿಗ್ತದೆ, ಮಗ ನಾನು ಕೊಟ್ಟ ನೀರುದೋಸೆ ಹಾಗೇ ತರ್ತಾನೆ. (ಒಬ್ಬ ತಾಯಿ, ಸುರತ್ಕಲ್)

ಉತ್ತರ: ಅಂಗಡಿಯ ವಿಷಯಕ್ಕೆ ಕಾನೂನೇ ಉಂಟು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ನಿಯಮದ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿಗಳನ್ನು ಶಾಲೆ ಒಳಗೂ, ಗೇಟಿನಿಂದ 50 ಮೀಟರ್ ಒಳಗೂ ಮಾರುವ ಹಾಗಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡ್ಬಹುದು. ಆದ್ರೆ ಅಂಗಡಿಯವರು ನಮ್ಮ ಊರಿನವರೇ ಅಲ್ವಾ, ಮೊದ್ಲು ನಾಲ್ಕು ಜನ ಪೋಷಕರು ಹೋಗಿ "ಅಣ್ಣ, ಎಳನೀರು ಬೊಂಡ ಇಡಿ, ಮಜ್ಜಿಗೆ ಇಡಿ, ಕದಳಿ ಬಾಳೆಹಣ್ಣು, ಕಡ್ಲೆ ಚಿಕ್ಕಿ ಇಡಿ, ನಾವೇ ತಗೊಳ್ತೇವೆ" ಅಂತ ಹೇಳಿ ನೋಡಿ, ವ್ಯಾಪಾರ ಹೋಗುದಿಲ್ಲ ಅಂತ ಗೊತ್ತಾದ್ರೆ ಅವ್ರೂ ಕೇಳ್ತಾರೆ. ಕೋಲಾದಂಥ ಡ್ರಿಂಕ್‌ನಲ್ಲಿ 100 ಮಿಲೀಲೀಟರಿಗೆ ಸುಮಾರು 10-11 ಗ್ರಾಂ ಸಕ್ಕರೆ ಇರ್ತದೆ, ಅಂದ್ರೆ 250ರ ಬಾಟ್ಲಿಗೆ ಐದಾರು ಟೀ ಚಮಚ. ಇದನ್ನು ಭಾಷಣ ಮಾಡುದಕ್ಕಿಂತ ಮಗನ ಕೈಯಲ್ಲೇ ಚಮಚ ಕೊಟ್ಟು ಖಾಲಿ ಲೋಟಕ್ಕೆ ಹಾಕ್ಸಿ. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಶುಗರ್ ಬೋರ್ಡ್ (ಯಾವುದ್ರಲ್ಲಿ ಎಷ್ಟು ಸಕ್ಕರೆ ಉಂಟು ಅಂತ ತೋರಿಸುವ ಫಲಕ) ಹಾಕ್ಲಿಕ್ಕೆ ಹೇಳಿದ್ದೂ ಇದಕ್ಕೇ, ಆದ್ರೆ ಲೋಟದಷ್ಟು ಬೋರ್ಡ್ ತಾಗುದಿಲ್ಲ.

ಇನ್ನು ನೀರುದೋಸೆ. ಅಕ್ಕ, ಬೇಜಾರು ಮಾಡ್ಬೇಡಿ, ಅದು ಕಾವಲಿಯಿಂದ ಬಟ್ಟಲಿಗೆ ಬಿದ್ದ ಕೂಡ್ಲೇ ತಿನ್ಬೇಕಾದ್ದು. ಬೆಳಿಗ್ಗೆ ಏಳೂವರೆಗೆ ಡಬ್ಬಿಗೆ ಹಾಕಿದ್ದು ಹತ್ತೂವರೆಗೆ ಒಂದಕ್ಕೊಂದು ಅಂಟಿ ಹಿಟ್ಟಿನ ಮುದ್ದೆ ಆಗಿರ್ತದೆ, ಮೇಲಿಂದ ತೆಂಗಿನಕಾಯಿ ಚಟ್ನಿ ನಮ್ಮ ಸೆಕೆಗೆ ಹಳಸಿರ್ತದೆ. ರೀಸಸ್ ಹತ್ತೇ ನಿಮಿಷ, ಅದ್ರಲ್ಲಿ ಅವ್ನಿಗೆ ಆಡ್ಲಿಕ್ಕೂ ಹೋಗ್ಬೇಕು. ಹಾಗಾಗಿ ನಾಲ್ಕು ತುತ್ತಲ್ಲಿ ಮುಗಿಯುವಂಥದ್ದು ಕೊಡಿ: ಹೆಸರುಕಾಳು ಉಸ್ಲಿ, ಒಗ್ಗರಣೆ ಅವಲಕ್ಕಿಗೆ ಕಡ್ಲೆ ಬೆರೆಸಿದ್ದು, ಒಂದು ಬಾಳೆಹಣ್ಣು. ಡಬ್ಬಿಯ ಮುಚ್ಚಳ ಮಗ ತನ್ನ ಕೈಯಲ್ಲೇ ತೆಗೀತಾನಾ ಅಂತ ಮನೆಯಲ್ಲೊಮ್ಮೆ ಟೆಸ್ಟ್ ಮಾಡಿ, ಎಷ್ಟೋ ಡಬ್ಬಿ ಅದಕ್ಕೇ ವಾಪಸ್ ಬರ್ತದೆ. ಮತ್ತೆ ಶಾಲೆಯವರಿಗೂ ಒಂದು ಮಾತು, ದಯವಿಟ್ಟು ಡಬ್ಬಿ ಚೆಕಿಂಗ್ ಅಂತ ಮಗುವನ್ನು ಕ್ಲಾಸೆದುರು ನಿಲ್ಲಿಸ್ಬೇಡಿ, ಅದು ಕೊಟ್ಟದ್ದು ಅಮ್ಮ, ನಾಚಿಕೆ ಆಗುದು ಮಗುವಿಗೆ.

ಪ್ರಶ್ನೆ: ಬಿಸಿಯೂಟದ ಸಾಂಬಾರಿನ ತರಕಾರಿ ಎಲ್ಲ ಬಟ್ಟಲಿನ ಅಂಚಿಗೆ. ದಿನಾ ಬಿಸಾಡುದು ನೋಡ್ಲಿಕ್ಕಾಗುದಿಲ್ಲ. (ಶಿಕ್ಷಕಿ, ಕಾಪು)

ಉತ್ತರ: ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಒಟ್ಟು 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಅಂತ ಲೆಕ್ಕ. ಆ 50 ಗ್ರಾಂ ಅಂಚಿಗೆ ಹೋದ್ರೆ ಉಳಿಯುದು ಅನ್ನ-ಬೇಳೆ ಮಾತ್ರ. ಹೋಳು ದೊಡ್ಡದಾದ್ರೆ ಹೆಕ್ಕಿ ಬದಿಗಿಡುದು ಸುಲಭ, ಹರಿವೆ, ಬಸಳೆ ಸೊಪ್ಪು ಸಣ್ಣ ಹೆಚ್ಚಿ ಬೇಳೆ ಒಟ್ಟಿಗೆ ಬೇಯಿಸಿದ್ರೆ ಹೆಕ್ಕುದು ಹೇಗೆ? ಕೈ ತೊಳೆದ ನೀರು ಹೋಗುವಲ್ಲಿ ಒಂದು ಬಸಳೆ ಚಪ್ಪರ ಹಾಕ್ಸಿ, ಯಾವ ಕ್ಲಾಸಿನವರು ನೆಟ್ಟದ್ದು ಅಂತ ಊಟದ ಹೊತ್ತಿಗೆ ಹೇಳಿ, ಆ ಕ್ಲಾಸಿನವರಂತೂ ಬಿಡ್ಲಿಕ್ಕಿಲ್ಲ. ಮೊಟ್ಟೆ ದಿನ ಬಾಳೆಹಣ್ಣು ತಗೊಳ್ಳುವ ಮಕ್ಳಿಗೂ ಮನೆಯಲ್ಲಿ ಕಡ್ಲೆ, ಹೆಸರು ಏನಾದ್ರೂ ಕೊಡ್ಲಿಕ್ಕೆ ತಿಳಿಸಿ, ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಲ್ಲಿ ಒಂದೇ. ಆದ್ರೆ ಎರಡು ಸಾಲು ಮಾಡಿ ಕೂರಿಸುದು ಮಾತ್ರ ಬೇಡವೇ ಬೇಡ.

ಪ್ರಶ್ನೆ: ಬರ್ತ್‌ಡೇ ಚಾಕ್ಲೇಟ್ ನಿಲ್ಲಿಸ್ಬೇಕಾ? (ಪೋಷಕರು, ಮಂಗಳೂರು)

ಉತ್ತರ: ಒಂದು ಚಾಕ್ಲೇಟಿಂದ ಎಂತದೂ ಆಗುದಿಲ್ಲ. ಆದ್ರೆ ಕ್ಲಾಸಲ್ಲಿ ನಲ್ವತ್ತು ಮಕ್ಳಿದ್ರೆ ವರ್ಷಕ್ಕೆ ನಲ್ವತ್ತು ಬರ್ತ್‌ಡೇ, ಒಬ್ರದ್ದು ನೋಡಿ ಇನ್ನೊಬ್ರದ್ದು ದೊಡ್ಡದಾಗ್ತಾ ಹೋಗ್ತದೆ, ಕೊಡ್ಲಿಕ್ಕಾಗದ ಮನೆಯವರು ಆ ದಿನ ಮಗುವನ್ನು ಶಾಲೆಗೇ ಕಳಿಸುದಿಲ್ಲ. ತಿಂಗಳಿಗೊಂದು ದಿನ ಎಲ್ಲರದ್ದೂ ಒಟ್ಟಿಗೆ ಮಾಡಿ, ಪೋಷಕರು ದುಡ್ಡು ಹಾಕಿ ಒಂದು ಗೊನೆ ಬಾಳೆಹಣ್ಣೋ ಕಲ್ಲಂಗಡಿಯೋ ತರ್ಲಿ.